ಸ್ಟ್ಯಾಂಡಪ್ಪಿನ ‘ಆಯ್ತು’, ಪಿಆರ್‌ನ 60 ಕಾಮೆಂಟು

ಪ್ರಶ್ನೆ: ಬೆಂಗಳೂರಿನ ಒಂದು ಕಂಪನಿಯಲ್ಲಿ 9 ಜನರ ಸಾಫ್ಟ್‌ವೇರ್ ಟೀಮಿಗೆ ಲೀಡ್ ಆಗಿ ಆರು ತಿಂಗಳಾಯಿತು. ನಮ್ಮ ಪೇಮೆಂಟ್ ಮಾಡ್ಯೂಲ್ ಬಹಳ ಹಳೆಯದು. ಇಬ್ಬರು ಹಿರಿಯರಲ್ಲಿ ಒಬ್ಬರು ಅದನ್ನು ಪೂರ್ತಿ ಹೊಸದಾಗಿ ಬರೆಯಬೇಕು ಅನ್ನುತ್ತಾರೆ; ಇನ್ನೊಬ್ಬರು ಇದ್ದದ್ದನ್ನೇ ರಿಪೇರಿ ಮಾಡಿಕೊಂಡು ಹೋಗೋಣ ಅನ್ನುತ್ತಾರೆ. ಯಾರು ಕೋಡ್ ಕಳಿಸಿದರೂ ರಿವ್ಯೂನಲ್ಲಿ (ಬೇರೆಯವರು ಆ ಕೋಡ್ ಓದಿ ತಪ್ಪು ಹೇಳುವ ಹಂತ) ಇವರಿಬ್ಬರ ಜಗಳ. ಕಳೆದ ತಿಂಗಳು ಒಂದೇ ಪಿಆರ್‌ಗೆ (ಸೇರಿಸಿಕೊಳ್ಳಿ ಅಂತ ಕಳಿಸಿದ ಕೋಡ್ ಬದಲಾವಣೆಗೆ) 60 ಕಾಮೆಂಟ್ ಬಿದ್ದವು. ಕಿರಿಯರು ಬಾಯಿ ಬಿಡುವುದಿಲ್ಲ. ಸ್ಟ್ಯಾಂಡಪ್‌ನಲ್ಲಿ (ದಿನಾ ನಿಂತೇ ನಡೆಸುವ ಚಿಕ್ಕ ಮೀಟಿಂಗ್) ಎಲ್ಲರೂ ‘ಆಯ್ತು’ ಅನ್ನುತ್ತಾರೆ, ಸ್ಪ್ರಿಂಟ್ (ನಿಗದಿತ ಅವಧಿಯ ಕೆಲಸದ ಕಂತು) ಮುಗಿಯುವಾಗ ಅರ್ಧ ಕೆಲಸ ಉಳಿದಿರುತ್ತದೆ. ಮುಖ್ಯ ತೀರ್ಮಾನಗಳು ವಾಟ್ಸಾಪ್ ಗುಂಪಿನಲ್ಲಿ ಆಗಿ ಅಲ್ಲೇ ಕಳೆದುಹೋಗುತ್ತವೆ. ಇನ್ನಿಬ್ಬರನ್ನು ಕೊಡುತ್ತೇನೆ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ರಿಪೇರಿ ಪಕ್ಷದವರು ನನಗಿಂತ 14 ವರ್ಷ ದೊಡ್ಡವರು, ಮೀಟಿಂಗ್‌ನಲ್ಲಿ ನನ್ನನ್ನು ‘ಏನಮ್ಮಾ’ ಅಂತಲೇ ಮಾತಾಡಿಸುತ್ತಾರೆ. ಇವರಲ್ಲಿ ಒಬ್ಬರನ್ನು ಬೇರೆ ಟೀಮಿಗೆ ಕಳಿಸದೆ ಏನಾದರೂ ದಾರಿ ಇದೆಯೇ?

ಉತ್ತರ: ಕಳಿಸುವ ಮಾತು ಸದ್ಯಕ್ಕೆ ಬದಿಗಿಡಿ. ನಿಮ್ಮ ಪತ್ರದಲ್ಲಿ ಜಗಳಕ್ಕೆ ನಾಲ್ಕು ಸಾಲು ಹೋಗಿದೆ, ‘ಆಯ್ತು’ಗೆ ಒಂದೇ ಸಾಲು. ನನ್ನ ಕಣ್ಣು ನಿಂತದ್ದು ಆ ಒಂದು ಸಾಲಿನ ಮೇಲೆ.

ನಮ್ಮ ಭಾಷೆಯಲ್ಲಿ ಈ ಪದ ಎಷ್ಟು ವೇಷ ಹಾಕುತ್ತದೆ ನೋಡಿ. ಊಟ ಆಯ್ತು ಅಂದರೆ ಮುಗಿದಿದೆ, ಕೈ ತೊಳೆದಾಗಿದೆ. ‘ನಾಳೆ ಬೇಗ ಬಾ’ ಅಂದದ್ದಕ್ಕೆ ‘ಆಯ್ತು’ ಅಂದರೆ ಇನ್ನೂ ಏನೂ ಆಗಿಲ್ಲ, ಒಪ್ಪಿಕೊಂಡಿದ್ದಾರೆ ಅಷ್ಟೇ. ಅಪ್ಪ ಗದರುವಾಗ ಮಗ ‘ಆಯ್ತು ಆಯ್ತು’ ಅಂದರೆ ಒಪ್ಪಿಕೊಂಡೂ ಇಲ್ಲ. ಮಾತು ಸಾಕು ಅಂತ. ಈಗ ನಿಮ್ಮ ಸ್ಟ್ಯಾಂಡಪ್‌ಗೆ ಬನ್ನಿ. ‘ರೀಫಂಡ್ ಬಗ್ ಏನಾಯ್ತು?’ ‘ಆಯ್ತು.’ ನಿಮಗೆ ಅದು ಊಟದ ಆಯ್ತು. ಹೇಳಿದವನ ಮನಸ್ಸಿನಲ್ಲಿ ಕೋಡ್ ಬರೆದಾಗಿದೆ, ಟೆಸ್ಟ್ ಬರೆದಿಲ್ಲ. ಪಕ್ಕದಲ್ಲಿ ನಿಂತ ಕ್ಯೂಎ (ಸಾಫ್ಟ್‌ವೇರ್ ಪರೀಕ್ಷಿಸುವ) ಹುಡುಗಿ ‘ಹಾಗಾದರೆ ಇವತ್ತು ನನ್ನ ಕೈಗೆ ಬರುತ್ತದೆ’ ಅಂದುಕೊಂಡಿರುತ್ತಾಳೆ. ಮೂರು ಜನ, ಮೂರು ಅರ್ಥ. ಇಂಗ್ಲಿಷ್‌ನಲ್ಲಿ ‘ಡನ್’ ಅಂದರೂ ಇದೇ ಕಥೆ. ಇದರ ಜೊತೆಗೆ ‘ನೋಡೋಣ’ ಬೇರೆ ಇದೆ, ಮರ್ಯಾದೆ ಉಟ್ಟುಕೊಂಡ ‘ಇಲ್ಲ’. ಈ ಎರಡು ಪದಗಳ ಮೇಲೆ ಸ್ಪ್ರಿಂಟ್ ಕಟ್ಟಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ.

ಹಾಗಾಗಿ ಮೊದಲ ಕೆಲಸ, ‘ಆಯ್ತಾ?’ ಅಂತ ಕೇಳುವುದನ್ನೇ ಬಿಡಿ. ಆ ಪ್ರಶ್ನೆಗೆ ನಮ್ಮವರ ಬಾಯಿಂದ ಬೇರೆ ಉತ್ತರ ಬರುವುದಿಲ್ಲ. ‘ಇನ್ನು ಏನು ಉಳಿದಿದೆ?’ ಅಂತ ಕೇಳಿ. ‘ಏನೂ ಉಳಿದಿಲ್ಲ’ ಅಂತ ಸುಳ್ಳು ಹೇಳುವುದು ‘ಆಯ್ತು’ ಅನ್ನುವಷ್ಟು ಸಲೀಸಲ್ಲ. ಜೊತೆಗೆ, ನಿಮ್ಮ ಟೀಮಿನಲ್ಲಿ ಮುಗಿದಿದೆ ಅಂದರೆ ಏನು ಅಂತ ಎಲ್ಲರೂ ಕೂತು ಒಂದು ಸಾಲು ಬರೆದುಕೊಳ್ಳಿ: ಕೋಡ್ ಮುಖ್ಯ ಕೋಡಿಗೆ ಮರ್ಜ್ ಆಗಿದೆ, ಟೆಸ್ಟ್ ಪಾಸಾಗಿದೆ, ಸ್ಟೇಜಿಂಗ್‌ನಲ್ಲಿ (ಬಿಡುಗಡೆಗೆ ಮುಂಚಿನ ಪ್ರಯೋಗದ ಸರ್ವರ್) ಕ್ಯೂಎ ನೋಡಿದ್ದಾರೆ. ನಿಮ್ಮ ಸಾಲು ಬೇರೆ ಇರಬಹುದು. ಆದರೆ 9 ಜನಕ್ಕೂ ಒಂದೇ ಇರಲಿ.

‘ನೋಡೋಣ’ದ ಬೆಲೆ ನನಗೆ ಗೊತ್ತಿದೆ. ನಾನು ಲೀಡ್ ಆದ ಮೊದಲ ವರ್ಷ, ಬಿಲ್ಲಿಂಗ್ ಪ್ರಾಜೆಕ್ಟ್. ಇನ್ನೊಂದು ಟೀಮಿನಿಂದ ಪ್ರತಿ ರಾತ್ರಿ ಒಂದು ಫೈಲ್ ಬರುತ್ತಿತ್ತು. ಹೊಸದಾಗಿ ಸೇರಿದ ಹುಡುಗನೊಬ್ಬ ಕಾಫಿ ಮಷೀನ್ ಹತ್ತಿರ ಹಿಡಿದು, ‘ಸರ್, ಆ ಮೊತ್ತ ಪೈಸೇಲಿ ಬರ್ತಿದೆ ಅನ್ಸುತ್ತೆ’ ಅಂದ. ನಾನು ‘ನೋಡೋಣ’ ಅಂದೆ, ಲೋಟ ಖಾಲಿ ಮಾಡಿ ಹೋದೆ. ಅವನು ಮತ್ತೆ ಕೇಳಲಿಲ್ಲ. ಅವನ ಪ್ರಕಾರ ಹೇಳಿ ಆಗಿತ್ತು. ಲೈವ್ ಆದ ಎರಡನೇ ದಿನ ಒಂದಿಷ್ಟು ಗ್ರಾಹಕರಿಗೆ ನೂರು ಪಟ್ಟು ಬಿಲ್ ಹೋಯಿತು. ಆ ವಾರ ನಾನು ಮನೆಗೆ ಹೋದದ್ದು ಸ್ನಾನಕ್ಕೆ ಮಾತ್ರ.

ಇದೇ ತಪ್ಪು ಇನ್ನೂ ದೊಡ್ಡ ಜಾಗದಲ್ಲೂ ನಡೆದಿದೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಮಂಗಳನ ಹತ್ತಿರ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಥ್ರಸ್ಟರ್‌ಗಳ ತಳ್ಳುವಿಕೆಯ ಲೆಕ್ಕವನ್ನು ಪೌಂಡ್‌ನಲ್ಲಿ ಕೊಡುತ್ತಿತ್ತು, ತೆಗೆದುಕೊಳ್ಳುವವರು ಅದನ್ನು ನ್ಯೂಟನ್ ಅಂದುಕೊಂಡಿದ್ದರು. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ‘ಅಳತೆ ಬೆರೆತುಹೋಯಿತು’ ಅಂತ ಎಲ್ಲರೂ ಈ ಕಥೆ ಹೇಳುತ್ತಾರೆ. ತನಿಖಾ ಮಂಡಳಿ ಇನ್ನೊಂದು ವಿಷಯವನ್ನೂ ಎತ್ತಿ ತೋರಿಸಿತು: ಲೆಕ್ಕ ಹೊಂದುತ್ತಿಲ್ಲ ಅನ್ನುವುದು ಕೆಲವರ ಕಣ್ಣಿಗೆ ಬಿದ್ದಿತ್ತು. ಆದರೆ ದೋಷವನ್ನು ದಾಖಲಿಸುವ ವಿಧಿವತ್ತಾದ ವ್ಯವಸ್ಥೆ ಇದ್ದರೂ ಅವರು ಇ-ಮೇಲ್‌ಗಳಲ್ಲೇ ಬಗೆಹರಿಸಲು ನೋಡಿದರು. ಕಾಫಿ ಮಷೀನ್ ಹತ್ತಿರ ಹೇಳಿದ ಮಾತಿಗೂ ಆ ಇ-ಮೇಲ್‌ಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅನುಮಾನ ಬಂದರೆ ಟಿಕೆಟ್, ಅಂದರೆ ಅದರದೇ ಒಂದು ದಾಖಲೆ, ತೆರೆಯಲಿ, ಅದಕ್ಕೊಬ್ಬ ವಾರಸುದಾರ ಇರಲಿ. ಅನುಮಾನ ಸುಳ್ಳಾದರೆ ಮುಚ್ಚಿದರಾಯಿತು, ನಗಬೇಡಿ ಮಾತ್ರ. ಒಮ್ಮೆ ನಕ್ಕರೆ ಎರಡನೇ ಟಿಕೆಟ್ ಬರುವುದಿಲ್ಲ.

ಇನ್ನು ಪ್ಲಾನಿಂಗ್. 9 ಜನ, ಸ್ಪ್ರಿಂಟಿನ 10 ದಿನ, 90 ದಿನದ ಕೆಲಸ ಅಂತ ನೀವು ಲೆಕ್ಕ ಹಾಕುತ್ತಿದ್ದೀರಿ ಅನ್ನುವುದು ನನ್ನ ಗುಮಾನಿ. ಅದರಲ್ಲಿ ಪ್ರೊಡಕ್ಷನ್ ಸಪೋರ್ಟ್‌ಗೆ ಒಬ್ಬರು ಹೋದರು. ಇಬ್ಬರ ರಜೆ, ಒಂದು ಹಬ್ಬ, ಇಂಟರ್‌ವ್ಯೂ ತೆಗೆದುಕೊಳ್ಳುವುದು, ಕ್ಲೈಂಟ್ ಜೊತೆ ರಾತ್ರಿ ಕಾಲ್ ಮುಗಿಸಿ ಮರುದಿನ ಹನ್ನೊಂದಕ್ಕೆ ಬರುವುದು. ಹೊಸ ಟೀಮ್ ಕೈಗೆ ಬಂದರೆ ನಾನು 90ರಲ್ಲಿ 50 ಅಂತ ಹಿಡಿಯುತ್ತೇನೆ. ನಿಮ್ಮದು ಹೊಸ ಟೀಮಲ್ಲ, ಆದ್ದರಿಂದ ಊಹೆಯೇ ಬೇಡ. ಹಿಂದಿನ ಮೂರು ಸ್ಪ್ರಿಂಟ್‌ನಲ್ಲಿ ನಿಜವಾಗಿ ಮುಗಿದದ್ದೆಷ್ಟು ಅಂತ ತೆಗೆಯಿರಿ, ಅದರಲ್ಲಿ ಕಡಿಮೆಯದನ್ನು ಮುಂದಿನ ಸ್ಪ್ರಿಂಟಿಗೆ ತೆಗೆದುಕೊಳ್ಳಿ. ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ. ಎರಡು ಸ್ಪ್ರಿಂಟ್ ಹೇಳಿದಷ್ಟು ಮುಗಿಸಿ ತೋರಿಸಿ, ಆಮೇಲೆ ಅವರೇ ನಿಮ್ಮ ಅಂಕಿ ಕೇಳಿಕೊಂಡು ಬರುತ್ತಾರೆ.

ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುವ ರೀತಿಯೂ ಬದಲಾಗಬೇಕು. ನಿಮ್ಮ ಹಿರಿಯರು ‘ಎರಡು ದಿನದ ಕೆಲಸ’ ಅಂತ ಬಾಯಿಬಿಟ್ಟ ಮೇಲೆ ಎರಡು ವರ್ಷ ಅನುಭವದ ಹುಡುಗ ‘ಐದು’ ಅನ್ನುತ್ತಾನೆಯೇ? ಮನೆಯಲ್ಲಿ ದೊಡ್ಡವರು ಮಾತಾಡಿದ ಮೇಲೆ ಎದುರಾಡಬಾರದು ಅಂತ ಕಲಿತು ಬಂದವನು ಅವನು. ಪ್ಲಾನಿಂಗ್ ಪೋಕರ್ ಅಂತ ಒಂದು ಪದ್ಧತಿ ಇದೆ, 2002ರಲ್ಲಿ ಜೇಮ್ಸ್ ಗ್ರೆನಿಂಗ್ ರೂಪಿಸಿದ್ದು. ಎಲ್ಲರೂ ತಮ್ಮ ಅಂಕಿಯ ಕಾರ್ಡನ್ನು ಮುಚ್ಚಿಟ್ಟುಕೊಂಡು ಒಟ್ಟಿಗೆ ತಿರುಗಿಸುತ್ತಾರೆ. ಬಹಳ ಟೀಮುಗಳು ಇದನ್ನು ಆಟದ ಹಾಗೆ ಆಡಿ ಸರಾಸರಿ ತೆಗೆದು ಎದ್ದುಬಿಡುತ್ತವೆ, ಅಲ್ಲಿಗೆ ಅದರ ಸಾರವೇ ಹೋಯಿತು. ಅತಿ ದೊಡ್ಡ ಅಂಕಿ ಹಾಕಿದವರೂ ಅತಿ ಚಿಕ್ಕ ಅಂಕಿ ಹಾಕಿದವರೂ ಯಾಕೆ ಅಂತ ಹೇಳಬೇಕು, ಸರಕು ಇರುವುದು ಆ ಮಾತಿನಲ್ಲಿ. ನಾನು ಕಂಡಂತೆ ದೊಡ್ಡ ಅಂಕಿ ಹಾಕುವುದು ಬಹಳ ಸಲ ಕಿರಿಯರೇ. ಟೆಸ್ಟ್ ಡೇಟಾ ಇಲ್ಲ, ಆ ಸರ್ವರ್‌ಗೆ ಆಕ್ಸೆಸ್ ಸಿಗಲು ನಾಲ್ಕು ದಿನ ಬೇಕು ಅನ್ನುವುದು ಅವರಿಗೇ ಗೊತ್ತಿರುವುದು, ಆ ಸಾಲಿನಲ್ಲಿ ನಿಲ್ಲುವವರು ಅವರೇ ತಾನೇ.

ಮ್ಯಾನೇಜರ್ ಕೊಡುವ ಇಬ್ಬರನ್ನು ಈಗ ಬೇಡ ಅನ್ನಿ. ಐಬಿಎಂನಲ್ಲಿ ಓಎಸ್/360 ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ 1975ರಲ್ಲೇ ಬರೆದಿಟ್ಟರು. ಲೆಕ್ಕ ಸರಳ. 9 ಜನರಲ್ಲಿ ಇಬ್ಬಿಬ್ಬರ ಜೋಡಿ 36, ಜನ 11 ಆದರೆ 55. ಇಬ್ಬರು ಬಂದರು, ಮಾತು ತಪ್ಪಿಹೋಗುವ ದಾರಿ 19 ಹೆಚ್ಚಿತು. ಅವರಿಗೆ ಮಾಡ್ಯೂಲ್ ಕಲಿಸಬೇಕಾದವರು ಯಾರು? ಜಗಳದಲ್ಲಿರುವ ಆ ಇಬ್ಬರೇ. ಹೊಸಬರು ಬಂದ ವಾರದಲ್ಲೇ ಪಕ್ಷ ಆರಿಸಿಕೊಳ್ಳುತ್ತಾರೆ.

ಈಗ ಆ 60 ಕಾಮೆಂಟಿಗೆ ಬರೋಣ. ಒಂದು ಕೆಲಸ ಮಾಡಿ: ಒಬ್ಬರೇ ಕೂತು ಅಷ್ಟನ್ನೂ ಮತ್ತೆ ಓದಿ, ಮೂರು ರಾಶಿ ಮಾಡಿ. ಸ್ಪೇಸು, ಹೆಸರು, ಬ್ರ್ಯಾಕೆಟ್ ಎಲ್ಲಿ ಬರಬೇಕು ಇಂಥವು ಒಂದು ರಾಶಿ. ನಿಜವಾದ ತಪ್ಪುಗಳು, ಅಂದರೆ ಇಲ್ಲಿ ನಲ್ (ಖಾಲಿ ಮೌಲ್ಯ) ಬಂದರೆ ಪ್ರೋಗ್ರಾಂ ಬೀಳುತ್ತದೆ, ಇಲ್ಲಿ ಎರಡು ಸಲ ಹಣ ಕಡಿತ ಆಗಬಹುದು ಅನ್ನುವಂಥವು, ಇನ್ನೊಂದು. ‘ಈ ಕ್ಲಾಸೇ ಇರಬಾರದಿತ್ತು’ ಅಂತ ವಿನ್ಯಾಸವನ್ನೇ ಪ್ರಶ್ನಿಸುವಂಥವು ಮೂರನೆಯದು. ಮೊದಲ ರಾಶಿ ದೊಡ್ಡದಿದ್ದರೆ ಆಶ್ಚರ್ಯಪಡಬೇಡಿ. ಅದನ್ನು ಮನುಷ್ಯರ ಕೈಯಿಂದ ಕಿತ್ತುಕೊಳ್ಳಿ. ಗೋ ಭಾಷೆಯವರು ಕೋಡನ್ನು ತಾನೇ ಒಪ್ಪ ಮಾಡುವ ಗೋಫಂಟ್ ಅನ್ನುವ ಉಪಕರಣವನ್ನು ಭಾಷೆಯ ಜೊತೆಗೇ ಕೊಟ್ಟು ಈ ವಾದವನ್ನೇ ಮುಗಿಸಿಬಿಟ್ಟರು, ಪೈಥಾನ್‌ಗೆ ಬ್ಲ್ಯಾಕ್ ಇದೆ, ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್ ಇದೆ. ಇವು ಮಾಡಿದ ಅಂದ ನನಗೂ ಎಲ್ಲ ಕಡೆ ಹಿಡಿಸುವುದಿಲ್ಲ. ಆದರೆ ಯಂತ್ರದ ಮೇಲೆ ಯಾರಿಗೂ ಹಠ ಇರುವುದಿಲ್ಲ.

ಎರಡನೇ ರಾಶಿ ರಿವ್ಯೂನ ನಿಜವಾದ ಕೆಲಸ, ಅದು ನಡೆಯಲಿ. ಮೂರನೆಯದು ರಿವ್ಯೂಗೆ ಬರಲೇಬಾರದಿತ್ತು. ಗೋಡೆ ಎದ್ದ ಮೇಲೆ ಪಾಯ ಸರಿಯಿಲ್ಲ ಅಂದರೆ ಕಟ್ಟಿದವನಿಗೆ ಮೈ ಉರಿಯದೆ ಇರುತ್ತದೆಯೇ? ಮೂರು ದಿನಕ್ಕಿಂತ ದೊಡ್ಡ ಕೆಲಸವಾದರೆ ಕೋಡ್ ಬರೆಯುವ ಮೊದಲು ಒಂದು ಪುಟ ಬರೆಯಲಿ: ಏನು ಮಾಡುತ್ತೇನೆ, ಬೇರೆ ಯಾವ ದಾರಿ ಇತ್ತು, ಅದನ್ನು ಯಾಕೆ ಬಿಟ್ಟೆ. ವಾದ ಆ ಪುಟದ ಮೇಲೆ ಆಗಲಿ, ಪುಟ ಹರಿದರೆ ನಷ್ಟ ಒಂದು ಗಂಟೆ. ಪಿಆರ್‌ನಲ್ಲಿ ಒಂದೇ ವಿಷಯಕ್ಕೆ ಎರಡು ಸುತ್ತು ಮಾತು ಆದ ಮೇಲೂ ಮುಗಿಯದಿದ್ದರೆ ಟೈಪ್ ಮಾಡುವುದು ನಿಲ್ಲಿಸಿ, ಎದ್ದು ಹೋಗಿ ಅಥವಾ ಫೋನ್ ಮಾಡಿ, ಒಪ್ಪಿಕೊಂಡದ್ದನ್ನು ಒಂದು ಸಾಲಲ್ಲಿ ಪಿಆರ್‌ನಲ್ಲಿ ಹಾಕಿ. ಅಕ್ಷರದಲ್ಲಿ ದನಿ ಕೇಳಿಸುವುದಿಲ್ಲ. ‘ಇದನ್ನು ಯಾಕೆ ಹೀಗೆ ಮಾಡಿದಿರಿ?’ ಅನ್ನುವುದು ಎದುರು ಕೂತು ಕೇಳಿದರೆ ಕುತೂಹಲ. ರಾತ್ರಿ ಹತ್ತಕ್ಕೆ ಪರದೆಯ ಮೇಲೆ ಓದಿದರೆ ಆಪಾದನೆ.

ಈಗ ಬೇರಿಗೆ. ನಿಮ್ಮ ಇಬ್ಬರು ಪ್ರತಿ ಪಿಆರ್‌ನಲ್ಲೂ ಕಾದಾಡುವುದು ಆ ಪಿಆರ್‌ಗಾಗಿ ಅಲ್ಲವೇ ಅಲ್ಲ. ಹೊಸದಾಗಿ ಬರೆಯುವುದೋ ರಿಪೇರಿಯೋ ಅನ್ನುವುದು ತೀರ್ಮಾನವಾಗಿಲ್ಲ, ತೀರ್ಮಾನಿಸಬೇಕಾದವರು ಯಾರು ಅನ್ನುವುದೂ ಯಾರಿಗೂ ಗೊತ್ತಿಲ್ಲ. ಪಾಲಾಗದ ಆಸ್ತಿಯ ಮನೆಯಲ್ಲಿ ಅಣ್ಣತಮ್ಮಂದಿರು ತೆಂಗಿನಕಾಯಿಗೆ ಜಗಳ ಆಡುತ್ತಾರಲ್ಲ, ಹಾಗೆ.

ಪೈಥಾನ್ ಭಾಷೆಯ ಜನ ಇದನ್ನು 2018ರಲ್ಲಿ ಅನುಭವಿಸಿದರು. ಪೆಪ್ 572 ಅನ್ನುವ ಪ್ರಸ್ತಾವ, ಕೋಲನ್ ಮತ್ತು ಸಮಚಿಹ್ನೆ ಸೇರಿದ ಒಂದು ಪುಟ್ಟ ಆಪರೇಟರ್. ಅದಕ್ಕೆ ಎಷ್ಟು ಕಹಿ ಚರ್ಚೆ ನಡೆಯಿತೆಂದರೆ, ಭಾಷೆಯನ್ನು ಹುಟ್ಟುಹಾಕಿ ಅಲ್ಲಿಯವರೆಗೆ ಕೊನೆಯ ಮಾತು ತನ್ನದೇ ಆಗಿದ್ದ ಗೀಡೊ ವಾನ್ ರೋಸಮ್, ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟು ಆ ಜುಲೈನಲ್ಲೇ ಕೆಳಗಿಳಿದುಬಿಟ್ಟರು. ಮುಂದೆ ಯಾರು ನಿರ್ಧರಿಸಬೇಕು ಅಂತ ಹೇಳದೆಯೇ ಹೋದರು. ಆಮೇಲೆ ನಡೆದದ್ದು ನನಗೆ ಮೆಚ್ಚುಗೆ. ಆ ಬಳಗ ಆಪರೇಟರಿನ ವಾದವನ್ನು ಮತ್ತೆ ಕೆದಕುತ್ತ ಕೂರಲಿಲ್ಲ. ತೀರ್ಮಾನ ಮಾಡುವ ಕ್ರಮ ಯಾವುದಿರಬೇಕು ಅಂತ ಹಲವು ಮಾದರಿಗಳನ್ನು ಬರೆದು, ಡಿಸೆಂಬರ್‌ನಲ್ಲಿ ಮತ ಹಾಕಿ, ಐವರ ಚುನಾಯಿತ ಮಂಡಳಿಯನ್ನು ಆರಿಸಿಕೊಂಡರು. ಆ ಆಪರೇಟರ್ 2019ರ ಅಕ್ಟೋಬರಿನ 3.8 ಆವೃತ್ತಿಯಲ್ಲಿ ಬಂತು. ಹಿಡಿಸದವರು ಬಳಸುವುದಿಲ್ಲ, ಅಷ್ಟೇ.

ನೀವೂ ಮೊದಲು ಮ್ಯಾನೇಜರ್ ಹತ್ತಿರ ಹೋಗಿ ‘ಪೇಮೆಂಟ್ ಮಾಡ್ಯೂಲ್ ವಿಷಯದಲ್ಲಿ ಕೊನೆಯ ಮಾತು ಯಾರದು?’ ಅಂತ ಕೇಳಿ, ಹೆಸರು ಹೊರಡಿಸಿ. ನಿಮ್ಮದೇ ಆದರೆ ಅವರೇ ಅದನ್ನು ಟೀಮಿಗೆ ಹೇಳಲಿ. ಆಮೇಲೆ ಆ ಇಬ್ಬರಿಗೂ ಒಂದೊಂದು ಪುಟ ಬರೆಯಲು ಕೊಡಿ, ಆದರೆ ಅದಲುಬದಲು ಮಾಡಿ. ರಿಪೇರಿಯವರು ಹೊಸದಾಗಿ ಬರೆಯುವುದರ ಪರವಾಗಿ ಬರೆಯಬೇಕು, ಹೊಸದರವರು ರಿಪೇರಿಯ ಪರವಾಗಿ. ‘ಹೌದು, ನಾನು ಹೇಳುವುದು ಇದನ್ನೇ’ ಅಂತ ಎದುರಿನವರು ಒಪ್ಪುವವರೆಗೆ ತಿದ್ದಬೇಕು. ನಾನು ಇದನ್ನು ಕೆಲವು ಸಲ ಮಾಡಿಸಿದ್ದೇನೆ. ಮೊದಲ ದಿನ ಇಬ್ಬರೂ ನನ್ನನ್ನು ಬೈದುಕೊಂಡಿದ್ದಾರೆ. ಆದರೆ ಬರೆಯುತ್ತಾ ಹೋದಂತೆ ಎದುರಿನವರ ಭಯ ಏನು ಅನ್ನುವುದು ಗೊತ್ತಾಗುತ್ತದೆ. ನಿಮ್ಮ ರಿಪೇರಿ ಪಕ್ಷದ ಹಿರಿಯರಿಗೆ, ಹತ್ತು ವರ್ಷದಿಂದ ಆ ಹಳೇ ಕೋಡ್‌ನಲ್ಲಿ ಸೇರಿಕೊಂಡ ಸಣ್ಣಪುಟ್ಟ ಸಂದರ್ಭಗಳು ಹೊಸದರಲ್ಲಿ ಬಿಟ್ಟುಹೋಗುತ್ತವೆ ಅನ್ನುವ ಭಯ ಇರಬಹುದು. ಅದು ಹುಸಿ ಭಯವೂ ಅಲ್ಲ.

ಮೂರನೇ ದಾರಿಯೂ ಇದೆ. ತಾಳೆ ಮರದ ನೆತ್ತಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಆಲ ಹುಟ್ಟಿ, ಬೇರು ಇಳಿಸುತ್ತಾ ಇಳಿಸುತ್ತಾ ತಾಳೆಯನ್ನು ಸುತ್ತಿಕೊಳ್ಳುವುದನ್ನು ಊರ ಕಡೆ ನೋಡಿರುತ್ತೀರಿ. ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಆಸ್ಟ್ರೇಲಿಯಾದಲ್ಲಿ ಅದೇ ಜಾತಿಯ ಮರಗಳನ್ನು ನೋಡಿ, ಹಳೇ ಸಾಫ್ಟ್‌ವೇರನ್ನೂ ಹೀಗೇ ಬದಲಿಸಬಹುದು ಅಂತ 2004ರಲ್ಲಿ ಬರೆದರು. ಪೂರ್ತಿ ಕೆಡವುವುದಿಲ್ಲ, ಪೂರ್ತಿ ಉಳಿಸಿಕೊಳ್ಳುವುದೂ ಇಲ್ಲ. ನಿಮ್ಮಲ್ಲಿ ಮೊದಲು ರೀಫಂಡ್ ಭಾಗ ಒಂದನ್ನೇ ಹೊಸದಾಗಿ ಬರೆಯಿರಿ. ಕೆಲವು ವಾರ ಹಳೆಯದೂ ಹೊಸದೂ ಎರಡೂ ಲೆಕ್ಕ ಹಾಕಲಿ. ಹಣ ಹೋಗುವುದು ಹಳೆಯದರ ಮಾತಿನಂತೆ. ಪ್ರತಿ ರಾತ್ರಿ ಎರಡರ ಉತ್ತರ ಹೋಲಿಸಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಆ ರಿಪೇರಿ ಪಕ್ಷದ ಹಿರಿಯರನ್ನು ಕರೆಯಿರಿ, ‘ಅದು 2016ರಲ್ಲಿ ಆ ಬ್ಯಾಂಕಿಗೋಸ್ಕರ ಹಾಕಿದ್ದು’ ಅಂತ ಹೇಳಬಲ್ಲವರು ಅವರೊಬ್ಬರೇ. ಇದರಲ್ಲಿ ಇಬ್ಬರಿಗೂ ಕೆಲಸ ಇದೆ, ಯಾರೂ ಸೋತಂತೆ ಕಾಣುವುದಿಲ್ಲ.

ತೀರ್ಮಾನದ ಮೀಟಿಂಗ್‌ನಲ್ಲಿ ‘ಎಲ್ಲರಿಗೂ ಒಪ್ಪಿಗೆ ತಾನೇ?’ ಅಂತ ಕೇಳಬೇಡಿ. ಮತ್ತೆ ‘ಆಯ್ತು’ ಬರುತ್ತದೆ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್‌ನಲ್ಲಿ ಮತ ಎಣಿಸಿ ತೀರ್ಮಾನಿಸುವುದಿಲ್ಲ. ಪರವಾಗಿರುವವರು ಗುಂಯ್ ಅಂತ ಮೂಗಿನಲ್ಲಿ ದನಿ ಮಾಡುವ ಸಂಪ್ರದಾಯ ಅವರದು. ತಮಾಷೆ ಅನ್ನಿಸಿದರೂ ಅದರ ಹಿಂದಿನ ವಿಚಾರ ಗಟ್ಟಿ: ಎಷ್ಟು ಜನ ಒಪ್ಪಿದರು ಅನ್ನುವುದಕ್ಕಿಂತ, ಒಪ್ಪದವರ ಆಕ್ಷೇಪಕ್ಕೆ ಉತ್ತರ ಸಿಕ್ಕಿತೇ ಅನ್ನುವುದನ್ನು ನೋಡುತ್ತಾರೆ. ಅವರ ರೀತಿಯಲ್ಲೇ ನೀವು ‘ಇದು ನನ್ನಿಂದ ಆಗುವುದೇ ಇಲ್ಲ ಅನ್ನುವವರು ಯಾರಾದರೂ ಇದ್ದೀರಾ, ಯಾಕೆ?’ ಅಂತ ಕೇಳಿ. ‘ಒಪ್ಪಿಗೆ ಇಲ್ಲ, ಆದರೂ ಮಾಡುತ್ತೇನೆ’ ಅನ್ನುವ ಉತ್ತರಕ್ಕೆ ಜಾಗ ಇರಲಿ, ಅದನ್ನು ಹಾಗೇ ಬರೆದಿಡಿ. ಮೂರು ತಿಂಗಳ ನಂತರದ ಒಂದು ತಾರೀಖನ್ನೂ ಬರೆದಿಡಿ, ಅಂದು ಮತ್ತೆ ನೋಡೋಣ ಅಂತ. ಇಲ್ಲಿ ಮಾತ್ರ ‘ನೋಡೋಣ’ಕ್ಕೆ ನನ್ನ ಅಭ್ಯಂತರವಿಲ್ಲ, ತಾರೀಖು ಇದೆಯಲ್ಲ.

ನಿಮ್ಮ ‘ಏನಮ್ಮಾ’ ವಿಷಯ. ಬಹುಶಃ ಅವರ ಮನಸ್ಸಿನಲ್ಲಿ ಅದು ಪ್ರೀತಿಯ ಮಾತೇ. ಆದರೆ ಟೀಮಿನ ಮುಂದೆ ಅದು ನಿಮ್ಮನ್ನು ಚಿಕ್ಕವರನ್ನಾಗಿ ಮಾಡುತ್ತದೆ, ನಿಮ್ಮ ತೀರ್ಮಾನ ‘ಹುಡುಗಿಯ ಮಾತು’ ಆಗುತ್ತದೆ. ಎಲ್ಲರೆದುರು ಹೇಳಿದರೆ ಅವರಿಗೆ ಅವಮಾನ, ಮೇಲ್ ಬರೆದರೆ ದೂರು. ಒಂದು ಸಂಜೆ ಇಬ್ಬರೇ ಟೀಗೆ ಹೋಗಿ, ಕೋಡಿನ ಮಾತು ಎತ್ತುವ ಮೊದಲೇ, ‘ಸರ್, ಮೀಟಿಂಗ್‌ನಲ್ಲಿ ನನ್ನನ್ನ ಹೆಸರು ಹಿಡಿದು ಕರೀರಿ. ನೀವು ಕರೆದ ಹಾಗೇ ಉಳಿದವರೂ ನನ್ನ ಮಾತು ತಗೋತಾರೆ’ ಅಂತ ಹೇಳಿಬಿಡಿ. ಕಾರಣ ವಿವರಿಸುತ್ತಾ ಹೋಗಬೇಡಿ. ನೀವು ಅವರನ್ನು ‘ಸರ್’ ಅನ್ನುವುದನ್ನು ಬಿಡಬೇಕಿಲ್ಲ, ಅದನ್ನು ಬಿಟ್ಟು ಸಾಧಿಸುವುದು ಏನೂ ಇಲ್ಲ. ಒಂದು ಸೇರಿಸಲೇ? ವಾದ ಬಿಸಿಯಾದಾಗ ಆ ಇಬ್ಬರೂ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿಯುತ್ತಾರಾ ಗಮನಿಸಿ. ನಾನೂ ಇಳಿಯುತ್ತೇನೆ, ಬಾಯಿಗೆ ಸುಖ. ಆದರೆ ಟೀಮಿನಲ್ಲಿ ಕನ್ನಡ ಬಾರದ ಒಬ್ಬರಿದ್ದರೂ ಅವರಿಗೆ ಆ ಹತ್ತು ನಿಮಿಷ ಗೋಡೆ.

ಕಿರಿಯರು ಬಾಯಿ ಬಿಡಬೇಕಾದರೆ ಮಾತು ಅವರಿಂದ ಶುರುವಾಗಬೇಕು, ಹಿರಿಯರದು ಕೊನೆಗೆ. ಮತ್ತೆ, ಏನಾದರೂ ಕೆಟ್ಟಾಗ ‘ಯಾರು ಮಾಡಿದ್ದು’ ಅನ್ನುವುದು ನಿಮ್ಮ ಮೊದಲ ಪ್ರಶ್ನೆ ಆಗಬಾರದು. 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸಿನ ಡೈರೆಕ್ಟರಿ ಅಳಿಸಿಬಿಟ್ಟರು, ಸುಮಾರು ಆರು ಗಂಟೆಯ ಡೇಟಾ ಹೋಯಿತು. ಕಂಪನಿ ಸರಿಪಡಿಸುವ ಕೆಲಸವನ್ನು ಎಲ್ಲರೂ ನೋಡುವಂತೆ ನೇರ ಪ್ರಸಾರ ಮಾಡಿತು, ಬ್ಯಾಕಪ್ಪುಗಳು ಯಾಕೆ ಕೈಕೊಟ್ಟವು ಅಂತ ಬಹಿರಂಗವಾಗಿ ಬರೆಯಿತು. ಪ್ರಶ್ನೆ ಆ ಒಬ್ಬರ ಬೆರಳಿನಿಂದ ಬ್ಯಾಕಪ್ಪಿನ ಕಡೆ ತಿರುಗಿತು. ನಿಮ್ಮ ಹುಡುಗರು ನೋಡುತ್ತಿರುತ್ತಾರೆ, ಮೊದಲ ತಪ್ಪಿಗೆ ನೀವು ಏನು ಕೇಳುತ್ತೀರಿ ಅಂತ.

ಇಷ್ಟೆಲ್ಲ ಮಾಡಿ ಮೂರು ತಿಂಗಳಾದ ಮೇಲೂ ಒಬ್ಬರು ಬರೆದಿಟ್ಟ ತೀರ್ಮಾನವನ್ನು ಮುರಿಯುತ್ತಲೇ ಇದ್ದರೆ, ಆಗ ಟೀಮ್ ಬದಲಿಸುವ ಮಾತು ಎತ್ತಿ, ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ. ಬೈಗುಳ, ಹೀಯಾಳಿಕೆ, ಹೆಣ್ಣುಮಕ್ಕಳ ಬಗ್ಗೆ ಹಗುರ ಮಾತು ಇದ್ದರೆ ಮೂರು ತಿಂಗಳೂ ಕಾಯಬೇಡಿ, ಅದೇ ದಿನ ಮ್ಯಾನೇಜರ್‌ಗೂ ಎಚ್‌ಆರ್‌ಗೂ ತಿಳಿಸಿ. ಅದು ಒಳಗೊಳಗೇ ರಾಜಿ ಮಾಡುವ ಜಗಳವಲ್ಲ.

ತೀರ್ಮಾನಗಳನ್ನೆಲ್ಲ ಕೋಡ್ ಇರುವ ರೆಪೊದಲ್ಲೇ ಒಂದು ಫೋಲ್ಡರ್ ಮಾಡಿ ಇಡಿ, ಒಂದಕ್ಕೆ ಒಂದು ಪುಟ: ತಾರೀಖು, ಏನು, ಯಾಕೆ, ಯಾರು ಒಪ್ಪಲಿಲ್ಲ. ಬರೆಯುವ ಕೆಲಸ ಸರದಿಯಲ್ಲಿ ಹೋಗಲಿ, ಇಲ್ಲದಿದ್ದರೆ ಅದು ಹೋಗಿ ಹೋಗಿ ಟೀಮಿನ ಹುಡುಗಿಯರ ತಲೆಗೇ ಬೀಳುತ್ತದೆ. ವಾಟ್ಸಾಪ್ ಗುಂಪು ಇರಲಿ, ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಅಂತ ಕೇಳಲು ಬೇಕಾಗುತ್ತದೆ.